ಬೆನ್ನು ಕತ್ತರಿಸಿದ ಪುಸ್ತಕಗಳು

ಕಣ್ಣಿನ ಆಸ್ಪತ್ರೆಯಲ್ಲಿ ಹನಿ ಹಾಕಿ, ಅರ್ಧ ಗಂಟೆ ಕಣ್ಣು ಬಿಡಬೇಡಿ ಎಂದು ನನ್ನನ್ನೂ ಇನ್ನಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದರು. ಹಾಗಾಗಿ ಬರೆಯುತ್ತಿರುವುದು ಕಿವಿಗೆ ಬಿದ್ದಷ್ಟನ್ನೇ.

"ಈ ಕೆಮ್ಮು ನಮ್ಮ ಬೈಂಡಿಂಗ್ ಮೇಸ್ತ್ರಿದಲ್ವಾ?"

"ಹೌದು ಸಾರ್. ಪ್ರಕಾಶನದ ಮ್ಯಾನೇಜರ್ ದನಿ ನನಗೂ ಮರೆತಿಲ್ಲ."

"ವಾಪಸ್ ಬಂದ್ಬಿಡಿ ಮೇಸ್ತ್ರಿ. ಜನ ಮತ್ತೆ ಕಾಗದದ ಪುಸ್ತಕನೇ ಕೇಳ್ತಿದಾರೆ."

"ಐದು ವರ್ಷದಲ್ಲಿ ಎಲ್ರೂ ಮೊಬೈಲಲ್ಲೇ ಓದ್ತಾರೆ ಅಂದಿದ್ರಿ."

"ಗಾಳಿ ಬಂದಾಗ ತೂರಿಕೊಳ್ಳೋಣ ಅಂದ್ಕೊಂಡ್ವಿ. ನೂರಕ್ಕೆ ಹದಿನೈದು ಜನ ಆ ಕಡೆ ಹೋದ್ರು, ಅಷ್ಟಕ್ಕೇ ನಿಂತೋಯ್ತು."

"ಆ ಹದಿನೈದು ಜನಕ್ಕೋಸ್ಕರ ನನ್ನ ಕೈಲಿ ಪುಸ್ತಕಗಳ ಬೆನ್ನು ಕತ್ತರಿಸೋ ಹಾಗೆ ಮಾಡಿದ್ರಿ."

"ಸ್ಕ್ಯಾನ್ ಮಾಡೋಕೆ ಹಾಳೆ ಬಿಡಿಬಿಡಿ ಆಗ್ಬೇಕಿತ್ತಲ್ಲ."

"ಒಂದೊಂದೂ ನಾನೇ ಹೊಲಿದ ಪುಸ್ತಕ ಸಾರ್. ಮೂರು ತಿಂಗಳು ಕೂತು ಕತ್ತರಿಸ್ದೆ. ಕೊನೇದು ಮುಗಿದ ಸಂಜೆ, ನಾಳೆಯಿಂದ ಬರೋದು ಬೇಡ ಅಂದ್ರಿ."

"ಹಳೇದೆಲ್ಲ ಈಗ್ಯಾಕೆ. ಹೊಸಬರು ಕಟ್ಟಿದ್ದು ಎರಡು ಸಲ ತೆರೆದ್ರೆ ಹಾಳೆ ಕಿತ್ತು ಕೈಗೆ ಬರುತ್ತೆ. ನಿಮಗೆ ಬರೋಕಾಗದಿದ್ರೆ, ಹೊಲಿಗೆ ಅವರಿಗೆ ಕಲಿಸಿಯಾದ್ರೂ ಕೊಡಿ."

ಅಷ್ಟರಲ್ಲಿ ನರ್ಸ್ ಬಂದು, "ಕೈ ಕೊಡಿ ತಾತ, ಡಾಕ್ಟ್ರು ಕರೀತಿದಾರೆ" ಎಂದಳು. ಬೆಂಚು ಕಿರುಗುಟ್ಟಿತು.

"ಮೊಬೈಲಲ್ಲಿ ನೋಡ್ಕೊಂಡು ಕಲೀಲಿ ಸಾರ್."

ಕೆಮ್ಮು ದೂರವಾಗುತ್ತಾ ಒಳಕೋಣೆ ಸೇರಿತು.