ಮೂಸಿದ ಕೈ

ಪೋಲೀಸ್ ಆಕ್ಷನ್ ಆದ ಮರುವರ್ಷ. ಗದ್ವಾಲ್ ಟೇಸನ್ನಿನಲ್ಲಿ ಮೊಗುಲಪ್ಪ ಟಿಕೇಟಿಗೆ ನಿಂತಿದ್ದ. ಪರರ ಜಗಳ ಕೇಳಬಾರದು ನಿಜ, ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಮುಂದೆ ನೇಕಾರರ ಬುಚ್ಚಮ್ಮ, ಆಕೆಯ ಮೈದುನ ಮಾರ್ಕಂಡೇಯ. ಆಕೆಯ ಗಂಡ ಬೆಂಚಿನ ಮೇಲೆ ನರಳುತ್ತಿದ್ದ.

"ಉಚ್ಚಿಚೀಲದ ಬುಡದಾಗ ಹುಣ್ಣು ಅಂತ ನಿಮ್ಮಣ್ಣನ ಬೀಜ ತೆಗಸಿದಿ. ನಾ ಬ್ಯಾಡ ಅಂದೆನೇನು?"

"ಗಂಡಸು ರಸ ನಿಂತ್ರ ಹುಣ್ಣು ಒಣಗತೈತಿ ಅಂದಿದ್ರು ಡಾಕ್ಟರು. ನೋವು ಮತ್ತ ಬಂತು. ಕದ್ದು ಗಂಡಸ್ತನದ ತಾಕತ್ತಿನ ಮದ್ದು ಕೊಡಾಕತ್ತೀರೇನು ಅಂತ ಅವರೇ ಕೇಳಿದ್ರು."

"ನೀ ನನ್ನ ಕಡಿ ನೋಡಿದಿ."

"ಹಕೀಮನ ಮನಿಗೆ ಹೋಗಿದ್ದು ಯಾರು?"

"ಮಂಡಿನೋವಿಗೆ ಹೋಗಿದ್ದೆ. ಮದ್ದಿನ ವಾಸನಿ ಐತೇನು ಅಂತ ನೀ ಮಂದಿ ಮುಂದ ನನ್ನ ಕೈ ಮೂಸಿಸಿದಿ. ಒಲಿ ಬಿಡಿಸಿದಿ. ನೂಲಿಗೆ ಹಚ್ಚೋ ಗಂಜೀನೂ ಕಾಸಾಕ ಬಿಡಲಿಲ್ಲ."

"ಉಚ್ಚಿ ಸೋಸೋ ಗುರ್ದಾದ ಮ್ಯಾಲ ಗಂಟು ಐತಿ, ಆ ಗಂಡಸು ರಸ ಅದೇ ಸುರಸಾಕತ್ತೈತಿ ಅಂತ ಹೊಟ್ಟಿ ಫೋಟೋ ನೋಡಿ ಡಾಕ್ಟರು ಈಗ ಹೇಳ್ಯಾರ. ಅದನ್ನ ತೆಗಸಾಕ ಹೊಂಟೀವಲ್ಲ! ನನಗೇನು ಕನಸು ಬಿದ್ದಿತ್ತೇನು, ಅತ್ತಿಗಿ?"

"ನನ್ನ ಒಲಿ ಬಿಡಿಸಿದ ಮ್ಯಾಲ ಎಂಟು ತಿಂಗಳ ನಿಮ್ಮಣ್ಣಗ ಉಣ್ಣಾಕ ಹಾಕಿದಾಕಿ ನಿನ್ನ ಹೆಣ್ತಿ. ಆದ್ರೂ ನೋವು ಇಳೀಲಿಲ್ಲ. ಆಕಿ ಕೈ ಎಷ್ಟು ಸಲ ಮೂಸಿಸಿದಿ?"

ಗಾಡಿ ಬಂತು. ಮಾರ್ಕಂಡೇಯ ಅಣ್ಣನನ್ನು ಎಬ್ಬಿಸಿ ಹೆಗಲು ಕೊಟ್ಟ. ಮೈದುನನ ಕೈಯಲ್ಲಿದ್ದ, ಗಂಡನ ಊಟದ ರೊಟ್ಟಿಗಂಟನ್ನು ಬುಚ್ಚಮ್ಮ ಕಸಿದುಕೊಂಡು ಮುಂದೆ ನಡೆದಳು.