ಒರೆಸುವ ಬಟ್ಟೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಕಾರು ಸಾಲದು ಎಂದು ಪುಟ್ಟ ವಿಮಾನವನ್ನೇ ಇಟ್ಟುಕೊಂಡಿದ್ದ, ತಾನೇ ಹಾರಿಸುತ್ತಿದ್ದ. ನಗಬೇಡಿ, ನಿಮ್ಮ ಮನೆಗೂ ಬರುತ್ತೇನೆ.

ದಿನಾ ಬೆಳಿಗ್ಗೆ ಎಂಜಿನ್ನಿನ ಕೆಳಗೆ ಎಣ್ಣೆಯ ಹನಿ ಬಿದ್ದಿರುತ್ತಿತ್ತು. ಅವನು ಏನು ಮಾಡುತ್ತಿದ್ದ? ಒರೆಸುತ್ತಿದ್ದ. ಮತ್ತೆ ಬಿದ್ದರೆ ಮತ್ತೆ ಒರೆಸುತ್ತಿದ್ದ. ಹನಿ ಹೆಚ್ಚಾದಾಗ ಕೊನೆಗೂ ಮೆಕ್ಯಾನಿಕ್‌ನನ್ನು ಕರೆಸಿದ. ಅವನು ಎಂಜಿನ್ ತೊಳೆದು, ಮೇಲೆ ಬಿಳಿ ಪೌಡರು ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ. ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿಂದ ಪೌಡರಿನ ಮೇಲೆ ಕಪ್ಪು ಜಾಡು ಮೂಡುತ್ತದೆ.

“ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ ಸ್ವಾಮಿ,” ಎಂದ. “ಗಾಳಿಗೆ ಎಣ್ಣೆ ಹಿಂದಕ್ಕೆ ಹೋಗಿ ಬೀಳುತ್ತೆ. ಎಂಜಿನ್ ತಣ್ಣಗಾಗ್ಲಿ, ಊಟ ಮಾಡ್ಕೊಂಡು ಬರ್ತೀನಿ. ಅಲ್ಲೀತನಕ ಮುಟ್ಟಬೇಡಿ.”

ಅಷ್ಟರಲ್ಲಿ ಯಾರು ಬಂದರು? ಬೀಗರಾಗುವವರು. ಮಗಳನ್ನು ನೋಡಲು ಬಂದವರ ಮುಂದೆ ಮಸಿ ಹಿಡಿದ ಎಂಜಿನ್ನೇ? ಶ್ರೀಮಂತ ಬಟ್ಟೆ ತೆಗೆದುಕೊಂಡ. ಪೌಡರು, ಜಾಡು ಎಲ್ಲ ಒರೆಸಿ ಪಳಪಳ ಮಾಡಿದ. ಸಾಲದ್ದಕ್ಕೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿಯೇ ಬಿಟ್ಟ.

ಮೇಲೆ ಹೋದ ಮೇಲೆ ಮುಂದಿನ ಗಾಜಿನ ಮೇಲೆ ಒಂದು ಗೆರೆ.

“ಅಪ್ಪಾ, ಅದೇನು?”

“ಏನಿಲ್ಲಮ್ಮ.”

ಗೆರೆ ಹರಡಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು. ಗಾಜೆಲ್ಲ ಕಪ್ಪಾಯಿತು. ಜೀವಮಾನವೆಲ್ಲ ಒರೆಸಿದವನು ಆಗ ಒರೆಸಬಲ್ಲನೇ? ಎಣ್ಣೆ ಗಾಜಿನ ಹೊರಗಿದೆ, ಕೈ ಒಳಗಿದೆ. ಮುಂದಿನ ನೆಲವೇ ಅವನಿಗೆ ಕಾಣಲಿಲ್ಲ. ಮಗಳು ಪಕ್ಕದ ಕಿಟಕಿಗೆ ಮುಖ ಒತ್ತಿ ದಾರಿ ಹೇಳಿದಳು. “ಬಲಕ್ಕಪ್ಪ. ಇನ್ನೂ ಬಲಕ್ಕೆ. ಹಾಂ, ಈಗ ಇಳಿಸು.” ಹೇಗೋ ಚಕ್ರ ನೆಲ ಮುಟ್ಟಿತು.

ಬೀಗರು ಓಡಿ ಬರುತ್ತಿದ್ದರು. ನೋಡಿ, ಜೀವ ಉಳಿದ ಮೇಲೂ ಅವನ ಕೈ ಎಲ್ಲಿಗೆ ಹೋಯಿತು ಗೊತ್ತೇ? ಬಟ್ಟೆಗೆ. ಮಗಳು ಆ ಕೈ ಹಿಡಿದುಕೊಂಡಳು.

“ಒರೆಸ್ಬೇಡಪ್ಪ. ಎಲ್ಲರೂ ನೋಡ್ಲಿ.”

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಪ್ರೀತಿ ಇರುವುದಕ್ಕೇ ಸಿಟ್ಟು. ಮನೆಯಲ್ಲಿ ಹೆಂಡತಿ ತಟ್ಟೆ ಕುಕ್ಕಿದರೆ ನೀವು ತಟ್ಟೆಯ ಬಗ್ಗೆ ಜಗಳ ಮಾಡುತ್ತೀರಿ. ಮಗ ಮಾತು ಬಿಟ್ಟರೆ, ನೆಂಟರು ಬಂದಿದ್ದಾರೆ, ಸ್ವಲ್ಪ ನಗು ಎನ್ನುತ್ತೀರಿ. ಅದು ಹನಿ ಬಿದ್ದ ಜಾಗ. ಸೋರುತ್ತಿರುವುದು ಎಲ್ಲಿ? ಇವತ್ತು ಮನೆಗೆ ಹೋಗಿ, ಅವರ ಪಕ್ಕದಲ್ಲಿ ಕೂತು, ಇದು ಎಲ್ಲಿ ಶುರುವಾಯಿತು ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಉತ್ತರದಲ್ಲಿ ನಿಮ್ಮ ಹೆಸರೇ ಬಂದರೂ ಒರೆಸಬೇಡಿ.