ಅವರು ನಂಬದಿದ್ದರೂ

ಬನಶಂಕರಿಯ ಬಸ್ ನಿಲ್ದಾಣದಲ್ಲಿ ಕೂತಿದ್ದ ವಿಮಲಾ ಅವರಿಗೆ ಪಕ್ಕದ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಇಬ್ಬರೂ ಪೊಲೀಸ್ ಸ್ಟೇಷನ್ನಿನಿಂದ ಬಂದವರು.

"ಇವತ್ತೂ ಅದನ್ನೇ ಕೇಳಿದ್ರಾ, ವಸಿಷ್ಠ?"

"ಅದನ್ನೇ ಅಕ್ಕ. ಆಪರೇಷನ್‌ಗೆ ಮುಂಚೆ ಆ ಅಜ್ಜಿಗೆ ಇಂಜೆಕ್ಷನ್ ಕೊಟ್ಟಿದ್ದು ನೀವೇ ಅಲ್ವಾ ಡಾಕ್ಟ್ರೇ, ಅಂತ."

"ನೀನೇನಂದೆ?"

"ಕೊಟ್ಟಿಲ್ಲ, ನಾನು ಆಸ್ಪತ್ರೆಗೆ ಬರೋಷ್ಟರಲ್ಲೇ ಅಜ್ಜಿ ತೀರ್ಕೊಂಡಿದ್ರು ಅಂದೆ."

"ಮತ್ಯಾಕೆ ಹೀಗಿದೀಯ?"

"ಅವರು ಕೇಳೀ ಕೇಳೀ, ಈಗ ಕಣ್ಣು ಮುಚ್ಚಿದ್ರೆ ಸಿರಿಂಜ್ ಹಿಡಿದಿರೋ ನನ್ನ ಕೈಯೇ ಕಾಣ್ಸುತ್ತೆ. ನಾನೇ ಕೊಟ್ಟೆನೋ ಏನೋ ಅನ್ಸುತ್ತೆ."

ಅಕ್ಕ ಅವನತ್ತ ತಿರುಗಿದಳು.

"ನಾಳೆ ಹೌದು ಅಂದ್ಬಿಡ್ತೀನಿ ಅಕ್ಕ. ಸಾಕಾಗಿದೆ. ನಿದ್ದೆನಾದ್ರೂ ಬರುತ್ತೆ."

"ಹುಚ್ಚಾ ನಿಂಗೆ? ಆ ಹೊತ್ತಿಗೆ ನೀನು ಗಿರಿನಗರದಲ್ಲಿ, ನಮ್ಮನೇಲಿ ತಿಂಡಿ ತಿಂತಿದ್ದೆ."

"ಸ್ವಂತ ಅಕ್ಕನ ಮಾತು ಅಂತ ಅವರು ನಂಬಲ್ವಲ್ಲ."

"ಅವರು ನಂಬದಿದ್ರೆ ಬಿಡ್ಲಿ. ನೀನು ನಂಬು."

ಬಸ್ಸು ಬಂತು. ಅಕ್ಕ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಮೆಟ್ಟಿಲ ಮೇಲೆ ಕಾಲಿಟ್ಟವನು ಹಿಂತಿರುಗಿ ನಿಂತ.

"ಅವತ್ತು ಏನು ತಿಂಡಿ ಮಾಡಿದ್ದೆ?"

"ಅವರೆಕಾಳು ಉಪ್ಪಿಟ್ಟು."

ಹಿಂದಿದ್ದವರು ಬೇಗ ಹತ್ತಿ ಸಾರ್ ಎಂದು ಗದರಿದರು. ಅವನು ಕಣ್ಣು ಮುಚ್ಚಿಕೊಂಡು ಯೋಚಿಸುತ್ತಿದ್ದ. ವಿಮಲಾ ಅವರೂ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡಿದರು.

"ಹೌದು," ಎಂದ ಕೊನೆಗೆ. "ಉಪ್ಪು ಜಾಸ್ತಿಯಾಗಿತ್ತು."

ಬಸ್ಸಿನ ಬಾಗಿಲು ಮುಚ್ಚಿತು.